ಬೀಡಿ ಬಿಟ್ಟವರ ಬೇಸರ



ಬಬಲೇಶ್ವರದ ಸಹೋದರಿಯೊಬ್ಬರು ಮಗಳ ಓದಿನ ಬಗ್ಗೆ ವಿಚಾರಿಸಲು ವಿಜಯಪುರದ ನಮ್ಮ ಶಾಲೆಗೆ ಬಂದಿದ್ದರು. ಮಾತು ಮುಗಿದರೂ ಅವರು ಕುರ್ಚಿಯಿಂದ ಏಳಲಿಲ್ಲ. ಸ್ವಲ್ಪ ತಡೆದು, "ಟೀಚರ್, ನಮ್ಮ ಮನಿಯವರು ಬೀಡಿ ಬಿಟ್ಟು ಹದಿನೆಂಟು ದಿನ ಆತು" ಎಂದರು. ನಾನು ಮಾಷಾ ಅಲ್ಲಾಹ್ ಎಂದೆ.

"ಏನ್ ಮಾಷಾ ಅಲ್ಲಾಹ್ ಟೀಚರ್! ಈಗ ಬೀಡಿ ಬೇಕು ಅನ್ನಾಂಗಿಲ್ಲ. ಬ್ಯಾಸರಾ, ಬ್ಯಾಸರಾ ಅಂತ ಮನಿ ತುಂಬ ಅಡ್ಡಾಡತಾರ. ಟೀವಿ ಹಚ್ಚತಾರ, ಆರಸ್ತಾರ. ಕಟ್ಟಿ ಮ್ಯಾಲೆ ಕುಂಡರತಾರ, ಮತ್ತ ಒಳಗ ಬರತಾರ. ಇದಕ್ಕಿಂತ ಬೀಡಿನೇ ಸೇದ್ಲಿ ಅನ್ನಸ್ತದ."

ಆ ಕೊನೆಯ ಮಾತನ್ನು ಅವರೊಬ್ಬರೇ ಆಡುವುದಿಲ್ಲ. ಬಿಡಿ ಎಂದು ವರ್ಷಗಟ್ಟಲೆ ಜಗಳ ಮಾಡಿದ ನಾವೇ, ಬಿಟ್ಟ ಮೇಲೆ ಬರುವ ಮುಖವನ್ನು ನೋಡಲಾರದೆ ಹಾಗೆ ಹೇಳಿಬಿಡುತ್ತೇವೆ. ನಾನೂ ಒಮ್ಮೆ ಇಂಥದೇ ತಪ್ಪು ಮಾಡಿದ್ದೇನೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನನ್ನ ತಮ್ಮ ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ ನೋಡಿಕೊಳ್ಳುತ್ತಾನೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಥಣಿ ರಸ್ತೆಯಲ್ಲಿ ಹೋದವರಿಗೆ ಈ ಶೆಡ್‌ಗಳು ಗೊತ್ತು. ಕೊಯ್ದ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಅದು ಮಣೂಕ ಆಗಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೆ ಒಣಗಿಸುವ ಕೆಲಸವೆಲ್ಲ ಗಾಳಿಯದು. ಅಕಾಲಿಕ ಮಳೆ ಬಂದೀತು, ಕಳ್ಳರು ಬಂದಾರು ಎಂದು ಒಬ್ಬರು ಅಲ್ಲೇ ಇರಬೇಕು, ಅಷ್ಟೇ. ದಿನಕ್ಕೆ ಒಂದು ಕಟ್ಟು ಬೀಡಿ ಸೇದುವವನಿಗೆ ಇದಕ್ಕಿಂತ ಕಷ್ಟದ ಜಾಗ ಉಂಟೇ?

ಅವನು ಮೂರು ಸಲ ಬಿಟ್ಟು ಮೂರು ಸಲ ಹಿಡಿದ. ಮೊದಲ ವಾರದ ತಲೆನೋವು, ಸಿಟ್ಟು, ನಿದ್ದೆಗೇಡು ಎಲ್ಲವನ್ನೂ ತಾಳಿಕೊಳ್ಳುತ್ತಿದ್ದ. ರಮಝಾನಿನಲ್ಲಿ ಸಹ್ರಿಯಿಂದ ಇಫ್ತಾರ್‌ವರೆಗೆ ಒಂದು ದಮ್ಮೂ ಇಲ್ಲದೆ ಇರುತ್ತಿದ್ದವನು ಅವನು. ಸೋಲುತ್ತಿದ್ದುದು ಮೂರನೆಯ ವಾರದ ಒಂದು ಮಧ್ಯಾಹ್ನ, ಮಾಡಲು ಏನೂ ಇಲ್ಲದಾಗ.

ಮೂರನೆಯ ಸಲ ಬಿಟ್ಟಿದ್ದಾಗ ಶೆಡ್‌ನಿಂದ ನನಗೆ ಫೋನ್ ಮಾಡಿದ. "ಆಪಾ, ಹೊತ್ತೇ ಹೋಗವಲ್ದು." ನನ್ನ ಮುಂದೆ ಪರೀಕ್ಷೆಯ ಉತ್ತರ ಪತ್ರಿಕೆಗಳ ರಾಶಿ ಇತ್ತು. "ಹೊತ್ತು ಹೋಗದಿದ್ದರೆ ಎರಡು ರಕಾತ್ ನಫಿಲ್ ಮಾಡು, ತಸ್ಬೀಹ್ ಓದು, ಸುಮ್ಮನೆ ಕುಳಿತರೆ ಇನ್ನೇನಾಗುತ್ತದೆ" ಎಂದು ಫೋನ್ ಇಟ್ಟೆ. ಮಾತಿನಲ್ಲಿ ತಪ್ಪಿಲ್ಲ. ಆದರೆ ನಾನು ಅದನ್ನು ಹೇಳಿದ್ದು ಅವನ ಬಾಯಿ ಮುಚ್ಚಿಸಲು. ನಮಾಜಿನ ಹೆಸರನ್ನು ಅದಕ್ಕೆ ಬಳಸಿದೆನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ವರ್ಷದ ನಂತರ ಅವನೇ ಹೇಳಿದ: "ನೀ ಫೋನ್ ಇಟ್ಟಿ, ನಾ ಕಡ್ಡಿ ಗೀರಿದೆ."

ಸಹೋದರಿಯರೇ, ಈ ಬೇಸರ ಸೋಮಾರಿತನವಲ್ಲ, ನಿಮ್ಮ ಮೇಲಿನ ಸಿಟ್ಟೂ ಅಲ್ಲ. ಬೀಡಿಯಲ್ಲಿರುವ ನಿಕೋಟಿನ್ ಮೆದುಳಿನಲ್ಲಿ ಹಿತ ಕೊಡುವ ರಸವನ್ನು ಆಗಾಗ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮೆದುಳು ಅದಕ್ಕೇ ಒಗ್ಗಿಹೋಗುತ್ತದೆ. ಬಿಟ್ಟಾಗ ಊಟ, ಮಾತು, ಮಕ್ಕಳ ಆಟ ಎಲ್ಲವೂ ಕೆಲವು ವಾರ ಸಪ್ಪೆಯಾಗಿ ಕಾಣುತ್ತವೆ. ಮೈಯ ತೊಂದರೆ ಹೆಚ್ಚಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಬೀಡಿ ಬೇಕೇಬೇಕು ಎನ್ನುವ ಒಂದೊಂದು ಸೆಳೆತವಂತೂ ಕೆಲವೇ ನಿಮಿಷ ಇದ್ದು ತಾನಾಗಿ ಹೋಗುತ್ತದೆ. ದಾಟಿಸಬೇಕಾದ್ದು ಆ ನಿಮಿಷಗಳನ್ನು.

ಗದರಿಕೆಯಿಂದ ಇದು ಆಗುವುದಿಲ್ಲ ಎನ್ನಲು ನಮ್ಮೂರಿನ ಇತಿಹಾಸವೇ ಸಾಕು. ಅಕ್ಬರನ ದರ್ಬಾರಿಗೆ ತಂಬಾಕು ಹೋದದ್ದು ಬಿಜಾಪುರದಿಂದ. ಇಬ್ರಾಹೀಂ ಆದಿಲ್ ಷಾಹ್ ಎರಡನೆಯವನ ಕಾಲದಲ್ಲಿ ಇಲ್ಲಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್, 1604ರ ಸುಮಾರಿಗೆ ಹಿಂದಿರುಗುವಾಗ ತಂಬಾಕನ್ನೂ ರತ್ನ ಕೂರಿಸಿದ ಕೊಳವೆಯನ್ನೂ ಒಯ್ದು ಬಾದಶಾಹನ ಮುಂದಿಟ್ಟ. ಹಕೀಮರು ಬೇಡವೆಂದರೂ ಅಕ್ಬರ್ ಕೆಲವು ದಮ್ಮು ಎಳೆದ. ಅವನು ಅದನ್ನು ಮುಂದುವರಿಸಲಿಲ್ಲ, ಆದರೆ ಅಮೀರರು ಹಿಡಿದುಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧದ ಫರ್ಮಾನು ಹೊರಡಿಸಿದರೂ ಹೊಗೆ ನಿಲ್ಲಲಿಲ್ಲ. ಬಾದಶಾಹನ ಫರ್ಮಾನಿಗೆ ಬಗ್ಗದ್ದು ನಮ್ಮ ಅಡುಗೆಮನೆಯ ಫರ್ಮಾನಿಗೆ ಬಗ್ಗೀತೇ?

ನಾಲ್ಕನೆಯ ಸಲ ನನ್ನ ತಮ್ಮ ಬಿಟ್ಟಾಗ ದಾರಿ ಕಂಡುಹಿಡಿದದ್ದು ಅವನ ಹೆಂಡತಿ. ಆಕೆ ಹೆಚ್ಚು ಓದಿದವಳಲ್ಲ, ಆದರೆ ಗಂಡನನ್ನು ಸರಿಯಾಗಿ ಗಮನಿಸಿದ್ದಳು. ಬೇಸರ ಬಂದಾಗ ಅವನ ಕೈ ಮೊದಲು ಅಂಗಿಯ ಜೇಬಿಗೆ ಹೋಗುತ್ತಿತ್ತು. ಬೀಡಿ ಇರುತ್ತಿದ್ದ ಆ ಜೇಬಿನಲ್ಲಿ ಆಕೆ ಸಿಪ್ಪೆ ಇರುವ ಹುರಿದ ಶೇಂಗಾ ತುಂಬಿಟ್ಟಳು. ಒಡೆಯಲು ಕೈಗೆ ಕೆಲಸ, ಅಗಿಯಲು ಬಾಯಿಗೆ ಕೆಲಸ. ಮಧ್ಯಾಹ್ನದ ಬುತ್ತಿಯ ಜೊತೆಗೇ ಹೋಗುತ್ತಿದ್ದ ಮಗನನ್ನು ಮೂರು ಗಂಟೆಗೆ ಕಳಿಸತೊಡಗಿದಳು, ಏಕೆಂದರೆ ಅವನಿಗೆ ಕಷ್ಟದ ಹೊತ್ತು ಅದು. ಒಣಗಿದ ಮಣೂಕದ ತೊಟ್ಟು ಬಿಡಿಸುವುದು ಹೆಂಗಸರ ಕೆಲಸ ಎಂದು ಅವನು ಮುಟ್ಟುತ್ತಿರಲಿಲ್ಲ. ಈಗ ಒಂದು ಬುಟ್ಟಿ ಅವನ ಮುಂದೆಯೂ ಬಂತು.

ನನ್ನ ಪಾಲು ಫೋನ್. ಅವನು ಕರೆ ಮಾಡಿದಾಗ ಏಕೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಮಣೂಕದ ದರ, ಮಕ್ಕಳ ಶಾಲೆ, ಯಾರದೋ ಮದುವೆ ಎಂದು ಐದಾರು ನಿಮಿಷ ಮಾತಾಡುತ್ತೇವೆ. ಎಷ್ಟೋ ದಿನ ಅದರಲ್ಲಿ ಹುರುಳೇ ಇರುವುದಿಲ್ಲ. ಇಡಲಾ ಆಪಾ ಎಂದು ಅವನೇ ಇಡುತ್ತಾನೆ.

ಚಹಾದ ಬಗ್ಗೆ ಒಂದು ಮಾತು. ಹೊತ್ತು ಕಳೆಯಲಿ ಎಂದು ನಾವು ಕಪ್ಪಿನ ಮೇಲೆ ಕಪ್ಪು ಚಹಾ ಕೊಡುತ್ತೇವೆ. ಬೀಡಿ, ಸಿಗರೇಟು ಸೇದುವವರ ದೇಹ ಚಹಾದ ಕೆಫೀನನ್ನು ಬೇಗ ಹೊರಹಾಕುತ್ತದೆ. ಬಿಟ್ಟ ಮೇಲೆ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಂದರೆ ಅಷ್ಟೇ ಕಪ್ಪು ಕುಡಿದರೂ ಚಡಪಡಿಕೆ ಹೆಚ್ಚು, ನಿದ್ದೆ ಕಡಿಮೆ. ಆ ವಾರಗಳಲ್ಲಿ ಚಹಾವನ್ನು ಅರ್ಧಕ್ಕೆ ಇಳಿಸಿ, ಬದಲಿಗೆ ಮಜ್ಜಿಗೆ ಕೊಡಿ.

ಇನ್ನೊಂದು ಕಡೆ ಕಣ್ಣಿಡಿ. ಬೇಸರದ ಬಾಯಿ ಗುಟ್ಕಾದ ಕಡೆ ಬೇಗ ತಿರುಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ, ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸುವವರನ್ನು ನಾವು ದಿನಾ ನೋಡುತ್ತೇವೆ. ಅದು ಬೀಡಿ ಬಿಟ್ಟಂತೆ ಆಗುವುದಿಲ್ಲ. ಎಂದಾದರೂ ಒಂದು ಬೀಡಿ ಸೇದಿ ಬಂದರೆ ಎಲ್ಲ ಮುಗಿಯಿತು ಎಂದು ರಂಪ ಮಾಡಬೇಡಿ, ಮರುದಿನದಿಂದ ಲೆಕ್ಕ ಮುಂದುವರಿಯಲಿ. ಬೀಡಿ ಕಟ್ಟಿನ ಮೇಲೆಯೇ ಅಚ್ಚಾಗಿರುವ 1800-11-2356 ಎಂಬುದು ತಂಬಾಕು ಬಿಡುವವರಿಗಾಗಿ ಸರ್ಕಾರ ಇಟ್ಟಿರುವ ಉಚಿತ ನಂಬರು. ಬೇಸರ ತಿಂಗಳು ದಾಟಿಯೂ ಮಂಕಾಗಿ ಕೂರಿಸಿದರೆ ವೈದ್ಯರ ಬಳಿ ಕರೆದೊಯ್ಯಿರಿ.

ಆ ಬಬಲೇಶ್ವರದ ಸಹೋದರಿಯನ್ನು ನಾನು ಕೇಳಿದ್ದು ಒಂದೇ: "ಅವರಿಗೆ ಹೆಚ್ಚು ಬೇಸರ ಯಾವ ಹೊತ್ತಿಗೆ?"

ಯೋಚಿಸಿ ಹೇಳಿದರು, "ಅಸರ್ ಆದ ಮ್ಯಾಲೆ, ಮಗ್ರಿಬ್ ತನಕ."

"ಆಗ ನೀವು ಏನು ಮಾಡುತ್ತಿರುತ್ತೀರಿ?"

"ಜ್ವಾಳ ಹಸನ ಮಾಡತಿರ್ತೀನಿ."

"ಒಬ್ಬರೇ?"

ಅವರು ನಕ್ಕು ಎದ್ದು ಹೋದರು. ಹತ್ತು ದಿನ ಬಿಟ್ಟು ಮತ್ತೆ ಸಿಕ್ಕಾಗ ನಾನು ಕೇಳುವ ಮೊದಲೇ ಹೇಳಿದರು: "ಕಲ್ಲಿನ ಜೋಡಿ ಜ್ವಾಳಾನೂ ಚೆಲ್ಲತಾರ ಟೀಚರ್. ಆದ್ರ ದಿನಾ ಬಂದು ಕುಂಡರತಾರ."