ಹವಳದ ದಂಡೆಯೂ ಒಂದು ಕಟ್ಟ

ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಯಾಕೆ ಬೇಕು? ನಮ್ಮದೇ ದೇಶದೊಳಗೆ ಓಡಾಡಲು ಕಾಗದಪತ್ರ ಏತಕ್ಕೆ? 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿ ನೀರಿಗಿಳಿದು ಹವಳ ನೋಡಿದ ಚಿತ್ರಗಳು ಪ್ರಕಟವಾದ ಮೇಲೆ ಈ ಪ್ರಶ್ನೆ ಕಾಸರಗೋಡಿನ ಅಂಗಡಿ ಜಗಲಿಗಳಲ್ಲೂ ಕೇಳಿಬರುತ್ತಿದೆ. ಮಾಲ್ದೀವ್ಸ್‌ನವರು ಮಾಡಿದ್ದನ್ನು ನಮ್ಮವರು ಯಾಕೆ ಮಾಡಬಾರದು, ಬಾಗಿಲು ತೆರೆದುಬಿಟ್ಟರೆ ಎಷ್ಟು ವ್ಯಾಪಾರ ಕುದುರೀತು ಎನ್ನುವವರು ಅನೇಕರಿದ್ದಾರೆ. ವ್ಯಾಪಾರ ಬೇಡ ಎನ್ನುವವನು ನಾನಲ್ಲ. ನಾನೂ ತೆಂಗು, ಅಡಿಕೆ ಮಾರಿಯೇ ಜೀವನ ನಡೆಸುವವನು. ಆದರೂ ಪರವಾನಗಿ ಇರಬೇಕು, ಅದರ ಜೊತೆಗೆ ಇನ್ನೂ ಒಂದೆರಡು ಷರತ್ತು ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಕೆಳಗೆ ಹೇಳುತ್ತೇನೆ.

ಮೊದಲಿಗೆ, ಇದು ನಮಗೆ ಸಂಬಂಧವಿಲ್ಲದ ಊರಿನ ವಿಷಯ ಎಂದು ಯಾರೂ ತಿಳಿಯಬಾರದು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳಿಗೆ ಅಮಿನ್‌ದೀವಿ ದ್ವೀಪಗಳೆಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಲ್ಲಿಯ ಜನ 18ನೇ ಶತಮಾನದ ಕೊನೆಗೆ ಟಿಪ್ಪುವಿನ ಆಶ್ರಯ ಕೇಳಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ದ್ವೀಪಗಳು ಬ್ರಿಟಿಷರ ಕೈಸೇರಿ, ಮಂಗಳೂರಿನ ಕಲೆಕ್ಟರರ ಸುಪರ್ದಿಗೆ ಬಂದವು. ಅಲ್ಲಿಯ ತೆಂಗಿನ ನಾರಿನ ಹುರಿಯನ್ನು ಸರಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುವ ಏಕಸ್ವಾಮ್ಯ ಬಹುಕಾಲ ನಡೆಯಿತು. ಅಂದರೆ ಕದ್ಮತ್‌ನವರೂ ಕಾಸರಗೋಡಿನವರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಹೋಯಿತು, ಅವರ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ದಿನ, ಒಂದೇ ಮನೆಯಿಂದ ಪಾಲಾಗಿ ಹೊರಟ ಅಣ್ಣ ತಮ್ಮಂದಿರ ಹಾಗೆ. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ತೋಟದ ಸಂಬಂಧವೂ ಉಂಟು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಬಾಯಿಯಲ್ಲಿ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅವರು ಕೊಟ್ಟ ಚಂದ್ರಕಲ್ಪ ಎಂಬ ತಳಿ ಲಕ್ಷದ್ವೀಪದ ತೆಂಗಿನಿಂದಲೇ ಆಯ್ದದ್ದು. ಚಂದ್ರಕಲ್ಪ ನೆಟ್ಟವರ ಹಿತ್ತಿಲಲ್ಲಿ ದ್ವೀಪದ ಮರವೇ ಕಾಯಿ ಕೊಡುತ್ತಿದೆ.

2024ರ ಡಿಸೆಂಬರಿನ ಕ್ರಿಸ್‌ಮಸ್ ರಜೆಯಲ್ಲಿ ನಾವು ಐದು ಮಂದಿ, ನನ್ನ ತಾಯಿ, ಹೆಂಡತಿ, ಒಂಬತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ ಮತ್ತು ನಾನು, ಕೊಚ್ಚಿಯಿಂದ ಹಡಗು ಹತ್ತಿ ಕದ್ಮತ್‌ಗೆ ಹೋದೆವು. ಸುಮಾರು ಒಂಬತ್ತು ಕಿಲೋಮೀಟರ್ ಉದ್ದ, ಅಗಲ ಇರುವಲ್ಲಿಯೂ ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ ಆ ದ್ವೀಪ. ಪೂರ್ವದ ದಡದಿಂದ ಪಶ್ಚಿಮದ ದಡಕ್ಕೆ ನಡೆಯಲು ಒಂದು ಕಪ್ ಚಾ ಕುಡಿಯುವಷ್ಟು ಹೊತ್ತು ಸಾಕು. ಪಶ್ಚಿಮದಲ್ಲಿ ಒಳಗಡಲು, ಅದರ ಆಚೆ ತುದಿಯಲ್ಲಿ ಬಿಳಿ ನೊರೆಯ ಒಂದು ಗೆರೆ. ಆ ಗೆರೆಯೇ ಹವಳದ ದಂಡೆ. ಗೆರೆಯ ಹೊರಗೆ ನೀಲಿ ಸಮುದ್ರ, ಒಳಗೆ ಕೆರೆಯಂತೆ ತಿಳಿ ಹಸುರು ನೀರು.

ದೋಣಿಯವರ ಜೊತೆ ನಮ್ಮ ಮಾತು ಮಲಯಾಳದಲ್ಲಿ. ಅವರದು ಜಸರಿ ಎನ್ನುವ ದ್ವೀಪದ ಮಾತು, ನಮ್ಮದು ಕಾಸರಗೋಡಿನ ಮಾತು. ಅರ್ಧರ್ಧ ಬಿಟ್ಟುಹೋದರೂ ಕೆಲಸ ನಡೆಯಿತು. ಎರಡು ಭಾಷೆ ಬಲ್ಲವರಿಗೆ ಇದೊಂದು ಲಾಭ. ನಾವು ಅವರನ್ನು ಇಕ್ಕಾ ಎಂದೆವು, ಅವರು ನನ್ನ ತಾಯಿಯನ್ನು ಉಮ್ಮ ಎಂದೇ ಕರೆದರು. ಅಮ್ಮನನ್ನು ತಳದಲ್ಲಿ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿ, ನಮಗೆ ನಾಲ್ವರಿಗೆ ಕಣ್ಣು ಮೂಗು ಮುಚ್ಚುವ ಕನ್ನಡಕ, ಬಾಯಲ್ಲಿ ಕಚ್ಚಿಕೊಳ್ಳುವ ಉಸಿರಿನ ಕೊಳವೆ, ತೇಲುವ ಜಾಕೆಟ್ ಕೊಟ್ಟರು. ಆದರೆ ಕೂಡಲೇ ಹವಳದ ಹತ್ತಿರ ಕರಕೊಂಡು ಹೋಗಲಿಲ್ಲ. ಸೊಂಟದುದ್ದ ನೀರಿನಲ್ಲಿ, ಬರೀ ಮರಳಿನ ಮೇಲೆ, ಮುಕ್ಕಾಲು ಗಂಟೆ ಅಭ್ಯಾಸ ಮಾಡಿಸಿದರು. ಮೂಗಿನಲ್ಲಿ ಉಸಿರೆಳೆಯಬಾರದು, ಕೊಳವೆಗೆ ನೀರು ಹೊಕ್ಕರೆ ಜೋರಾಗಿ ಊದಬೇಕು, ಹೆದರಿಕೆಯಾದರೆ ಕಾಲೂರಬಾರದು, ಅಂಗಾತ ತೇಲಬೇಕು.

"ಕಾಲೂರಿದರೆ ಎಂತ ಆಗ್ತದೆ ಅಪ್ಪ?" ಎಂದು ಮಗ ಕೇಳಿದ. ಉತ್ತರ ಮುಂದೆ ತಾನಾಗಿಯೇ ಸಿಕ್ಕಿತು.

ನೀರಿಗೆ ಮುಖ ಹಾಕಿದ ಕೂಡಲೇ ಕಿವಿಗೆ ಬಿದ್ದದ್ದು ಅವಲಕ್ಕಿ ಅಗಿದಂತೆ ಕಟಕಟ ಸದ್ದು. ಗಿಳಿಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲಿನ ಪಾಚಿ ಕೆರೆಯುವ ಸದ್ದಂತೆ ಅದು. ಕಲ್ಲನ್ನೂ ಪಾಚಿಯನ್ನೂ ಒಟ್ಟಿಗೆ ನುಂಗಿ, ಕಲ್ಲನ್ನು ಹಿಂದಿನಿಂದ ಮರಳಾಗಿ ಬಿಡುತ್ತವೆ. ದೊಡ್ಡದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುವುದುಂಟು. ನಾವು ಕಾಲಿಟ್ಟ ಬಿಳಿ ಮರಳಿನಲ್ಲಿ ಅವುಗಳ ದುಡಿಮೆಯೂ ಸೇರಿದೆ. ಕಡಲಹೂವಿನ ಬಳ್ಳಿಗಳ ನಡುವೆ ಅಡಗಿ ಕುಳಿತ ಕಿತ್ತಳೆ ಬಣ್ಣದ ಮೀನು, ಚಿಟ್ಟೆಮೀನುಗಳು, ನೀಲಿ ತುಟಿ ತೆರೆದು ಕುಳಿತ ದೊಡ್ಡ ಕಪ್ಪೆಚಿಪ್ಪು, ಮರಳಿನಲ್ಲಿ ಬಿದ್ದುಕೊಂಡ ಕಡಲಸೌತೆ, ಇವನ್ನೆಲ್ಲ ಮಕ್ಕಳು ಒಂದೊಂದಾಗಿ ತೋರಿಸಿದರು. ಆದರೆ ಅದರ ಮಗ್ಗುಲಲ್ಲೇ ಬೂದುಬಣ್ಣದ ಗದ್ದೆಯಂಥ ಜಾಗಗಳೂ ಇದ್ದವು. ಕೊಂಬೆಹವಳಗಳೆಲ್ಲ ಮುರಿದು ರಾಶಿ ಬಿದ್ದು, ಮೇಲೆ ಪಾಚಿ ಹಿಡಿದಿತ್ತು. ಅಲ್ಲಿ ಕಟಕಟ ಸದ್ದು ಕಡಿಮೆ, ಮೀನೂ ಕಡಿಮೆ.

ಆ ಹೊತ್ತಿಗೆ ಇನ್ನೊಂದು ದೋಣಿಯಲ್ಲಿ ಬಂದ ಯುವಕರಿಬ್ಬರು ದುಂಡಗಿನ ಹವಳವೊಂದರ ಮೇಲೆ ನಿಂತು ಫೋಟೋ ತೆಗೆಯಲು ಶುರುಮಾಡಿದರು. ನಮ್ಮ ಇಕ್ಕಾ ಗಟ್ಟಿಯಾಗಿ ಕೂಗಿ ಇಳಿಸಿದರು. "ಕಲ್ಲಿನ ಮೇಲೆ ನಿಂತರೆ ಏನಾಯಿತು?" ಎಂದು ಅವರು ಕೇಳಿದಾಗ ಇಕ್ಕಾ ಕೊಟ್ಟ ಉತ್ತರ ನನಗೆ ಮರೆತಿಲ್ಲ. "ಅದು ಕಲ್ಲಲ್ಲ, ಜೀವ. ನಿಮ್ಮ ಮನೆಗೆ ಬಂದು ಅಕ್ಕಿ ಪತ್ತಾಯದ ಮೇಲೆ ನಾನು ಚಪ್ಪಲಿ ಹಾಕಿ ನಿಂತರೆ ನೀವು ಸುಮ್ಮನಿರುತ್ತೀರಾ?"

ಪತ್ತಾಯ ಎಂದದ್ದು ಬರೀ ಮಾತಿನ ಚಂದಕ್ಕಲ್ಲ. ದ್ವೀಪದವರ ಮುಖ್ಯ ದುಡಿಮೆ ಸೂರೆಮೀನಿನದು. ಬಲೆ ಬೀಸಿ ಬಾಚುವುದಿಲ್ಲ, ಕೋಲಿನ ಗಾಳದಲ್ಲಿ ಒಂದೊಂದೇ ಮೀನು ಎತ್ತುತ್ತಾರೆ. ಅದಕ್ಕೆ ಬೇಕಾದ ಜೀವಂತ ಸಣ್ಣಮೀನು ಸಿಗುವುದು ಈ ಒಳಗಡಲಿನಲ್ಲಿ, ಹವಳದ ನಡುವೆ. ಹವಳ ಹೋದರೆ ಸಣ್ಣಮೀನು ಹೋಯಿತು, ಸಣ್ಣಮೀನು ಹೋದರೆ ಸೂರೆ ಹೋಯಿತು, ಮಾಸ್‌ಮೀನಿನ ವ್ಯಾಪಾರವೂ ಹೋಯಿತು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದುಂಟು. ನಮ್ಮ ಕಡೆ ಮಳೆಗಾಲ ಮುಗಿದ ಕೂಡಲೇ ಊರವರು ಸೇರಿ ತೋಡಿಗೆ ಕಟ್ಟ ಹಾಕುತ್ತೇವೆ. ಕಟ್ಟ ನಿಂತರೆ ಮಾತ್ರ ಬಾವಿಯಲ್ಲಿ ನೀರು, ತೋಟದಲ್ಲಿ ಹಸುರು. ದ್ವೀಪಕ್ಕೆ ಹವಳದ ದಂಡೆಯೇ ಕಟ್ಟ. ಆಟಿ ತಿಂಗಳಿನಲ್ಲಿ ಅರಬ್ಬಿ ಸಮುದ್ರದ ತೆರೆ ಹೇಗೆ ಹೊಡೆಯುತ್ತದೆಂದು ಉಪ್ಪಳ, ಕುಂಬಳೆ ಕಡಲ ಬದಿಯವರಿಗೆ ಹೇಳಿಕೊಡಬೇಕಿಲ್ಲ. ಕಲ್ಲು ರಾಶಿ ಹಾಕಿದರೂ ನಮ್ಮ ದಡ ಕೊರೆಯುತ್ತದೆ. ಅದೇ ತೆರೆ ಕದ್ಮತ್‌ಗೂ ಹೊಡೆಯುತ್ತದೆ, ಆದರೆ ದಂಡೆಗೆ ಬಡಿದು ಸೋತು ಒಳಬರುತ್ತದೆ. ಲೋಕದ ನಾನಾ ಕಡೆಯ ಅಳತೆಗಳನ್ನು ಒಟ್ಟುಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹವಳದ ದಂಡೆ ತೆರೆಯ ಶಕ್ತಿಯಲ್ಲಿ ಸರಾಸರಿ ಶೇ. 97ನ್ನು ಮುರಿಯುತ್ತದೆ. ಕೆಲವೇ ಮೀಟರ್ ಎತ್ತರದ ದ್ವೀಪಕ್ಕೆ ಬೇರೆ ರಕ್ಷಣೆ ಎಲ್ಲಿದೆ? ಕುಡಿಯುವ ನೀರೂ ಇದರದೇ ಕೃಪೆ. ಮರಳೊಳಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ, ಬಾವಿಯಲ್ಲಿ ಸಿಗುವುದು ಅದೇ. ದಡ ಕೊರೆದಷ್ಟೂ ಆ ಸಿಹಿನೀರು ಕುಗ್ಗುತ್ತದೆ. ಬಂಗಾರಂ ಹತ್ತಿರ ಪರಳಿ ಒಂದು ಎಂಬ ಜನವಸತಿ ಇಲ್ಲದ ಪುಟ್ಟ ದ್ವೀಪವಿತ್ತು. ಅದು ಪೂರ್ತಿ ಕೊರೆದು ಹೋಗಿದೆ ಎಂದು 2017ರಲ್ಲಿ ವರದಿಯಾಯಿತು.

ಈ ಕಟ್ಟ ಈಗ ಬಿರುಕು ಬಿಟ್ಟಿದೆ. ಹವಳದ ಹುಳುವಿನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣಿಸುವುದು ಅದು, ಬಣ್ಣ ಕೊಡುವುದೂ ಅದೇ. ಬೇಸಗೆಯ ಸಾಮಾನ್ಯ ಗರಿಷ್ಠ ಮಟ್ಟಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬೆಳ್ಳಗಾಗುತ್ತದೆ. ಬೇಗ ತಣಿದರೆ ಬದುಕಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಅಗತ್ತಿ, ಕದ್ಮತ್, ಕವರತ್ತಿ ಈ ಮೂರು ಕಡೆ 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ. 20ರೊಳಗೆ ಇಳಿದಿದೆ. ಹವಳಕ್ಕೆ ಏಟು ತಿನ್ನುವುದು ಹೊಸದಲ್ಲ, ಆದರೆ ಒಂದು ಏಟಿನಿಂದ ಸುಧಾರಿಸಲು ಸಾಕಷ್ಟು ವರ್ಷ ಸಿಗುತ್ತಿಲ್ಲ. ಕೊಂಬೆಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದೀತು, ದುಂಡುಹವಳ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಆ ಯುವಕರು ನಿಂತ ಹವಳ ಒಂದು ಮೀಟರ್ ಎತ್ತರವಿತ್ತು. ವಯಸ್ಸು ನೀವೇ ಲೆಕ್ಕ ಹಾಕಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಮುದ್ರ ಕಾದು ಸಾಯುವ ಹವಳಕ್ಕೆ ಪ್ರವಾಸಿಯ ಕಾಲು ಯಾವ ಲೆಕ್ಕ? ಊರೆಲ್ಲ ಸುಡುವಾಗ ಬೀಡಿ ಆರಿಸಿ ಎಂದಂತಾಯಿತಲ್ಲ? ಮಾತು ಅರ್ಧ ಸರಿ. ಸಮುದ್ರವನ್ನು ಬಿಸಿಮಾಡಿದವರು ದ್ವೀಪದವರೂ ಅಲ್ಲ, ಪ್ರವಾಸಿಗಳೂ ಅಲ್ಲ, ಲೋಕದ ಎಲ್ಲ ಹೊಗೆ ಸೇರಿ ಮಾಡಿದ ಕೆಲಸ ಅದು. ಆದರೆ ಅಡಿಕೆ ಬೆಳೆಗಾರರು ಈ ವಾದವನ್ನು ಒಪ್ಪಬಾರದು. ಕೊಳೆರೋಗ ತರುವ ಮಳೆಯನ್ನು ನಾವು ನಿಲ್ಲಿಸಬಲ್ಲೆವಾ? ಇಲ್ಲ. ಆದರೂ ಮಳೆ ಬಿಟ್ಟ ಗಳಿಗೆ ನೋಡಿ ಮರ ಹತ್ತಿ ಬೋರ್ಡೋ ಹೊಡೆಯುತ್ತೇವೆ, ಬಸಿಗಾಲುವೆ ಬಿಡಿಸುತ್ತೇವೆ. ಸೊರಗಿದ ಮರಕ್ಕೆ ಸಣ್ಣ ಗಾಯವೂ ದೊಡ್ಡದು. ಹವಳದ್ದೂ ಅದೇ ಕತೆ. ಗಾಯ, ಕೊಳಚೆ, ಗಿಳಿಮೀನಿನ ಬೇಟೆ ಇಲ್ಲದ ದಂಡೆಗೆ ಮತ್ತೆ ಚಿಗುರುವ ಅವಕಾಶ ಹೆಚ್ಚು. ನಮ್ಮ ಕೈಯಲ್ಲಿರುವುದು ಅಷ್ಟೇ, ಅದನ್ನಾದರೂ ಮಾಡಬೇಕು.

ಏನು ಮಾಡಬಹುದು? ಮೊದಲನೆಯದು, 1967ರ ನಿಯಮದಿಂದ ಬಂದ ಪ್ರವೇಶ ಪರವಾನಗಿ ಮುಂದುವರಿಯಬೇಕು. ಅದು ಅವಮಾನವಲ್ಲ. ದೇವಸ್ಥಾನದ ಒಳಗೆ ಹೋಗುವಾಗ ಚಪ್ಪಲಿ ಕಳಚಿಡುವುದನ್ನು ನಾವು ಅವಮಾನ ಎನ್ನುತ್ತೇವೆಯೇ? ಎಷ್ಟು ಮಂದಿ ಬರಬೇಕು ಎಂಬುದನ್ನು ಹೋಟೆಲಿನ ಕೋಣೆ ಎಣಿಸಿ ನಿರ್ಧರಿಸದೆ ಬಾವಿಯ ನೀರು, ಕಸ ಹಾಕುವ ಜಾಗ, ಒಳಗಡಲಿನ ತಾಳಿಕೆ ನೋಡಿ ನಿರ್ಧರಿಸಬೇಕು. ಎರಡನೆಯದು, ಮರಳಿನ ಮೇಲೆ ಅಭ್ಯಾಸ ಮಾಡದವರನ್ನು ಹವಳದ ಹತ್ತಿರ ಬಿಡಬಾರದು. ನಮಗೆ ಕಲಿಸಿದವರು ತಮ್ಮ ಒಳ್ಳೆಯತನದಿಂದ ಕಲಿಸಿದರು, ಅದು ಕಡ್ಡಾಯವಾಗಬೇಕು. ಮೂರನೆಯದು, ದೋಣಿ, ಮಾರ್ಗದರ್ಶನ, ಊಟ, ವಸತಿಯ ದುಡ್ಡು ದ್ವೀಪದವರ ಕೈಗೇ ಹೋಗಬೇಕು. ಹೊರಗಿನ ಬಂಡವಾಳದವನಿಗೆ ಹವಳ ಸತ್ತರೆ ಬೇರೆ ದ್ವೀಪ ಉಂಟು. ಇಕ್ಕಾನಿಗೆ ಇಲ್ಲ. ಕಟ್ಟದ ನೀರು ಕುಡಿಯುವವನೇ ಕಟ್ಟ ಕಾಯುವುದು.

ಉಳಿದದ್ದು ನಮ್ಮ ಮೇಲಿದೆ. ಬೆನ್ನು ಸುಡುತ್ತದೆಂದು ಮೈಗೆ ಲೇಪ ಬಳಿದುಕೊಂಡು ಇಳಿಯುವ ಬದಲು ತುಂಬುತೋಳಿನ ಅಂಗಿ ಹಾಕಿಕೊಂಡರಾಯಿತು. ಕೆಲವು ಲೇಪಗಳ ರಾಸಾಯನಿಕಗಳನ್ನು ಪಲಾವ್, ಹವಾಯಿಯಂಥ ಕಡೆ ಈಗಾಗಲೇ ನಿಷೇಧಿಸಿದ್ದಾರೆ. ಮೀನಿಗೆ ಬ್ರೆಡ್ ಹಾಕಬಾರದು, ಪಾಚಿ ಕೆರೆಯಬೇಕಾದ ಮೀನು ಬ್ರೆಡ್ಡಿಗೆ ಕಾದು ಕೂತರೆ ಹವಳಕ್ಕೆ ನಷ್ಟ. ಊಟಕ್ಕೆ ಸೂರೆ ಕೇಳಿ, ಗಿಳಿಮೀನು ಕೇಳಬೇಡಿ. ವ್ಯಾಪಾರಿ ಮಿತ್ರರಿಗೆ ಒಂದು ಮಾತು. 2001ರಿಂದ ಹವಳವೂ ಕಡಲಸೌತೆಯೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಷೋಕೇಸಿಗೆಂದು ಒಂದು ತುಂಡು ತಂದರೂ ಅಪರಾಧ.

ಇದು ಕಾಸರಗೋಡಿನವರಿಗೆ ಮಾತ್ರ ಹೇಳಿದ್ದಲ್ಲ. ಸೊಲ್ಲಾಪುರ, ಜತ್ತ ಕಡೆಯ ಓದುಗರಿಗೆ ಮಾಲವಣ ಹತ್ತಿರ. ಅಲ್ಲಿ 1987ರಿಂದಲೇ ಸಾಗರ ಅಭಯಾರಣ್ಯವಿದೆ, ನೀರಿಗಿಳಿಯುವ ಪ್ರವಾಸಿಗರ ಜಾತ್ರೆಯೂ ಇದೆ. ಗೋವಾದವರಿಗೆ ಗ್ರಾಂಡೆ ದ್ವೀಪವಿದೆ. ಕರ್ನಾಟಕಕ್ಕೂ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಇದೆ. ಅಲ್ಲೆಲ್ಲ ಪರವಾನಗಿಯ ಬಾಗಿಲಿಲ್ಲ, ದುಡ್ಡು ಕೊಟ್ಟವರಿಗೆ ದೋಣಿ ಸಿದ್ಧ. ಹಾಗಾದ ಮೇಲೆ ಅಲ್ಲಿ ಕಾಯಬೇಕಾದದ್ದು ಹೋಗುವವರ ಬುದ್ಧಿಯೊಂದೇ.

ಮಕ್ಕಳಿಗೆ ಹವಳ ತೋರಿಸಲೇಬೇಕು. ನೋಡದವರಿಗೆ ಅದರ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ಬಾಗಿಲು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಬಾಗಿಲು ಇರಲಿ, ಬಾಗಿಲಲ್ಲಿ ಕೇಳುವವರು ಒಬ್ಬರಿರಲಿ, ಒಳಗೆ ಹೋದವರು ಕಾಲೂರದಿರಲಿ. ಗಡಿಗೆರೆ ಎಳೆದು ರಾಜ್ಯಗಳನ್ನು ಪಾಲು ಮಾಡಿದ್ದು 1956ರಲ್ಲಿ. ಸಮುದ್ರವನ್ನು ಯಾರೂ ಪಾಲು ಮಾಡಿಲ್ಲ. ಮೇಲಿನವರ ಕಟ್ಟ ಒಡೆದರೆ ಕೆಳಗಿನ ಗದ್ದೆಗೆ ಮರಳು ಬರುತ್ತದೆ ಎಂಬುದು ಬೇಸಾಯಗಾರರಿಗೆ ಗೊತ್ತಿರುವ ವಿಚಾರ.