ಪ್ರವೇಶ ಪರೀಕ್ಷೆಯ ಪ್ರಬಂಧ: ಅಂಕವೂ ಅಂಕೆಯೂ

ಪ್ರಬಂಧವೆಂಬ ಶಬ್ದದಲ್ಲಿಯೇ ಅದರ ಲಕ್ಷಣವು ಅಡಗಿದೆ. ‘ಬಂಧ’ವೆಂದರೆ ಕಟ್ಟು, ‘ಪ್ರ’ ಎಂಬ ಉಪಸರ್ಗವು ಸೇರಿದಾಗ ಚೆನ್ನಾಗಿ ಕಟ್ಟಲ್ಪಟ್ಟದ್ದು ಎಂಬ ಅರ್ಥವು ಸಿದ್ಧಿಸುತ್ತದೆ. ಹೂವು ಬುಟ್ಟಿಯ ತುಂಬ ಇದ್ದರೂ ದಾರವಿಲ್ಲದೆ ಮಾಲೆಯಾಗದು. ಎಲ್ಲರೂ ಬಲ್ಲ ಈ ಮಾತನ್ನು ಇಲ್ಲಿ ಮತ್ತೆ ಹೇಳುವುದಕ್ಕೆ ಕಾರಣವುಂಟು. ಮಕ್ಕಳನ್ನು ಕಾಲೇಜಿಗೆ ಸೇರಿಸುವ ಆತುರದಲ್ಲಿರುವ ತಂದೆತಾಯಿಗಳು ಭಾಷಾಧ್ಯಾಪಕರ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತಾರೆ. ಹೊರದೇಶದಲ್ಲಿ ನೆಲೆಸಿರುವವರು, “ಪ್ರಬಂಧದಲ್ಲಿ ಹೆಚ್ಚು ಅಂಕ ಗಳಿಸುವ ಉಪಾಯವೇನು?” ಎಂದು ಕೇಳುತ್ತಾರೆ. ನಮ್ಮ ನಾಡಿನಲ್ಲಿರುವವರು, “ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧವೇ ಇಲ್ಲವಲ್ಲ, ಅದರ ಗೊಡವೆ ಏಕೆ?” ಎನ್ನುತ್ತಾರೆ. ಎರಡಕ್ಕೂ ಉತ್ತರವು ಒಂದೇ ಎಂಬುದನ್ನು ವಾಚಕ ಮಹಾಶಯರಲ್ಲಿ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ಅಮೆರಿಕೆಯ ಅನುಭವವನ್ನು ನೋಡೋಣ. ಅಲ್ಲಿನ ಕಾಲೇಜು ಪ್ರವೇಶಕ್ಕಾಗಿ ‘ಕಾಲೇಜ್ ಬೋರ್ಡ್’ ಸಂಸ್ಥೆಯು ನಡೆಸುವ ಸ್ಯಾಟ್ ಪರೀಕ್ಷೆಯಲ್ಲಿ 2005ರಿಂದ ಪ್ರಬಂಧವು ಕಡ್ಡಾಯವಾಯಿತು. ಕಾಲಾವಕಾಶ 25 ನಿಮಿಷ. ಇಬ್ಬರು ಪರೀಕ್ಷಕರು ತಲಾ 1ರಿಂದ 6ರವರೆಗೆ ಅಂಕವನ್ನು ಕೊಡುವರು, ಒಟ್ಟು 12. ಪರೀಕ್ಷಕನ ಕೈಯಲ್ಲಿ ಒಂದೊಂದು ಉತ್ತರಕ್ಕೆ ಇದ್ದುದು ಕೆಲವೇ ನಿಮಿಷ. ಎಂ.ಐ.ಟಿ.ಯಲ್ಲಿ ಬರವಣಿಗೆಯನ್ನು ಬೋಧಿಸುತ್ತಿದ್ದ ಲೆಸ್ ಪೆರೆಲ್ಮನ್ ಎಂಬ ವಿದ್ವಾಂಸರು ಪ್ರಕಟವಾದ ಮಾದರಿ ಉತ್ತರಗಳನ್ನು ಪರಿಶೀಲಿಸಿ, ಪ್ರಬಂಧವು ಉದ್ದವಾದಷ್ಟೂ ಅಂಕವು ಏರುತ್ತದೆಂದೂ, ಅದರಲ್ಲಿನ ಸಂಗತಿಗಳು ತಪ್ಪಾಗಿದ್ದರೂ ಅಂಕವು ಇಳಿಯದೆಂದೂ ಅದೇ ವರ್ಷ ತೋರಿಸಿಕೊಟ್ಟರು. ಅಳೆಯುವವನು ಮೊಳಗೋಲನ್ನು ಹಿಡಿದರೆ ನೇಯುವವನು ಉದ್ದವನ್ನೇ ನೇಯುತ್ತಾನೆ. ನೂಲು ಜಾಳಾದರೂ ಚಿಂತೆಯಿಲ್ಲ. 2016ರಲ್ಲಿ ಪದ್ಧತಿಯು ಬದಲಾಯಿತು. ಪ್ರಬಂಧವು ಐಚ್ಛಿಕವಾಯಿತು, 50 ನಿಮಿಷಗಳಲ್ಲಿ ಒಂದು ಗದ್ಯಭಾಗವನ್ನು ಓದಿ, ಅದರ ಕರ್ತೃವು ತನ್ನ ವಾದವನ್ನು ಹೇಗೆ ಕಟ್ಟಿದ್ದಾನೆಂಬುದನ್ನು ವಿವರಿಸಬೇಕಾಯಿತು. ಇದು ಉತ್ತಮವಾದ ಮಾರ್ಪಾಡೇ. ಆದರೆ ಅಷ್ಟರಲ್ಲಿ ಆ ಅಂಕದ ಮೇಲಿನ ನಂಬಿಕೆಯು ಸಡಿಲಿತ್ತು. ಹಲವು ವಿಶ್ವವಿದ್ಯಾಲಯಗಳು ಅದನ್ನು ಕೇಳುವುದನ್ನೇ ಬಿಟ್ಟವು. 2021ರಲ್ಲಿ ಆ ಭಾಗವನ್ನು ಸಾಮಾನ್ಯ ಪರೀಕ್ಷೆಯಿಂದ ತೆಗೆದುಹಾಕಲಾಯಿತು.

ಇನ್ನು ಚೀನ ದೇಶದ ಕಡೆಗೆ ತಿರುಗೋಣ. ಪ್ರತಿವರ್ಷ ಜೂನ್ 7ರಂದು ಆರಂಭವಾಗುವ ‘ಗಾವೊಕಾವೊ’ ಎಂಬ ಪ್ರವೇಶ ಪರೀಕ್ಷೆಯಲ್ಲಿ ಚೀನೀ ಭಾಷೆಗೆ 150 ಅಂಕಗಳು. ಅವುಗಳಲ್ಲಿ 60 ಅಂಕಗಳು ಒಂದೇ ಪ್ರಬಂಧಕ್ಕೆ ಮೀಸಲು. ಅದು 800 ಅಕ್ಷರಗಳಿಗೆ ಕಡಮೆಯಿರಕೂಡದು. ಶೀರ್ಷಿಕೆಯನ್ನು ವಿದ್ಯಾರ್ಥಿಯೇ ಇಡಬೇಕು, ಸಿದ್ಧವಾದ ಅಚ್ಚಿನಲ್ಲಿ ಎರಕ ಹೊಯ್ಯಕೂಡದು, ಕೃತಿಚೌರ್ಯ ಮಾಡಕೂಡದು ಎಂಬ ಸೂಚನೆಗಳು ಪ್ರಶ್ನಪತ್ರಿಕೆಯಲ್ಲಿಯೇ ಇರುತ್ತವೆ. ಸೂಚನೆಯನ್ನು ಅಚ್ಚುಹಾಕಬೇಕಾಗಿದೆಯೆಂದರೆ ವ್ಯಾಧಿಯು ಅಲ್ಲಿಯೂ ಇದೆಯೆಂದೇ ಅರ್ಥ. ಶತಮಾನಗಳ ಕಾಲ ಎಂಟು ಅಂಗಗಳ ಕಟ್ಟುನಿಟ್ಟಾದ ಪ್ರಬಂಧವನ್ನು ಬರೆಯಿಸಿ ಅಧಿಕಾರಿಗಳನ್ನು ಆಯ್ದ ದೇಶವದು. ಆ ಪ್ರಾಚೀನ ಪರೀಕ್ಷಾಪದ್ಧತಿಯು 1905ರಲ್ಲಿ ಕೊನೆಗೊಂಡಿತು. ರೂಪವು ಉಳಿದು ವಿಚಾರವು ಹಾರಿಹೋದರೆ ಉಳಿಯುವುದೇನೆಂಬುದನ್ನು ಅವರು ಕಂಡವರು.

ಈ ಎರಡು ನಿದರ್ಶನಗಳಿಂದ ತಿಳಿಯುವುದೇನು? ಉದ್ದವೂ ಅಲಂಕಾರವೂ ಸೋಮಾರಿಯಾದ ಪರೀಕ್ಷಕನನ್ನು ಕೆಲವು ಕಾಲ ಮರುಳುಗೊಳಿಸಬಹುದು. ಓದಬಲ್ಲ ಪರೀಕ್ಷಕನು ಹುಡುಕುವುದು ಕಟ್ಟನ್ನು ಮಾತ್ರ. ಆ ಕಟ್ಟನ್ನು ಕಲಿಸುವ ಸಾಮಗ್ರಿಯು ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಇದೆ. ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳಿದರು. ಯಾವುದನ್ನು ಕುರಿತು ಮಾತು, ಅದರಲ್ಲಿ ಸಂದೇಹವೆಲ್ಲಿ, ಎದುರಾಳಿಯ ವಾದವೇನು, ನನ್ನ ನಿರ್ಣಯವೇನು, ಇವೆಲ್ಲಕ್ಕೂ ಪರಸ್ಪರ ಸಂಬಂಧವೇನು ಎಂಬ ಐದು ಪ್ರಶ್ನೆಗಳನ್ನು ಕೇಳಿಕೊಂಡ ಹುಡುಗನು ಯಾವ ಭಾಷೆಯಲ್ಲಿ ಬರೆದರೂ ದಾರಿ ತಪ್ಪನು.

ಉದಾಹರಣೆಗೆ, ‘ಕೆರೆಗಳನ್ನು ಮುಚ್ಚಿ ನಗರವನ್ನು ಬೆಳೆಸುವುದು ಯುಕ್ತವೇ?’ ಎಂಬ ವಿಷಯವನ್ನು ತೆಗೆದುಕೊಳ್ಳೋಣ. ಗೈಡುಗಳನ್ನು ಉರುಹೊಡೆದ ವಿದ್ಯಾರ್ಥಿಯು ಜಲದ ಮಹಿಮೆಯಿಂದ ಆರಂಭಿಸಿ, ನಾಲ್ಕು ಗಾದೆಗಳನ್ನು ಪೋಣಿಸಿ, ಯುವಜನತೆಗೆ ಕರೆಯಿತ್ತು ಮುಗಿಸುತ್ತಾನೆ. ಅದೇ ಪ್ರಬಂಧಕ್ಕೆ ಅರಣ್ಯವೆಂದು ತಲೆಬರಹ ಕೊಟ್ಟರೂ ಬಾಧಕವಿಲ್ಲ. ಕಟ್ಟಬಲ್ಲ ವಿದ್ಯಾರ್ಥಿಯು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ನೆಲದಲ್ಲಿ ಎಂಬುದನ್ನು ಹೇಳುತ್ತಾನೆ. ಲಕ್ಷಾಂತರ ಜನರಿಗೆ ಬಸ್ ನಿಲ್ದಾಣವೂ ಬೇಕಲ್ಲವೇ ಎಂಬ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಎತ್ತುತ್ತಾನೆ. ನಿಲ್ದಾಣಕ್ಕೆ ಬೇರೆ ಸ್ಥಳವನ್ನು ಹುಡುಕಬಹುದು, ಮಳೆಯ ನೀರು ಹರಿದು ನಿಲ್ಲುವ ತಗ್ಗನ್ನು ಬೇರೆಡೆಗೆ ಸಾಗಿಸಲಾಗದು ಎಂದು ಉತ್ತರಿಸುತ್ತಾನೆ. ಇವನ ಬರಹವು ಒಂದೂವರೆ ಪುಟವಾದರೂ ಅದರಿಂದ ಒಂದು ವಾಕ್ಯವನ್ನು ಕಿತ್ತರೆ ಗೋಡೆಯು ಬಿರಿಯುತ್ತದೆ.

“ಹಾಗಾದರೆ ಈ ಐದು ಅಂಗಗಳೂ ಒಂದು ಅಚ್ಚೇ ಅಲ್ಲವೇ?” ಎಂದು ಯಾರಾದರೂ ಆಕ್ಷೇಪಿಸಬಹುದು. ಅಲ್ಲ. ಅಚ್ಚು ಹೊರಗಿನಿಂದ ಒತ್ತುವುದು. ಎಲುಬಿನ ಹಂದರವು ಒಳಗಿನಿಂದ ನಿಲ್ಲಿಸುವುದು. ಅಚ್ಚು ವಾಕ್ಯಗಳನ್ನು ಕೊಡುತ್ತದೆ. ಹಂದರವು ಪ್ರಶ್ನೆಗಳನ್ನು ಮಾತ್ರ ಕೊಡುತ್ತದೆ, ಉತ್ತರವನ್ನು ವಿದ್ಯಾರ್ಥಿಯೇ ತರಬೇಕು. ಕಾಲದ ವಿನಿಯೋಗದಲ್ಲಿಯೂ ಅಂಕೆ ಇರಬೇಕು. 50 ನಿಮಿಷಗಳಿದ್ದರೆ ಮೊದಲ 10 ನಿಮಿಷ ಲೇಖನಿಯನ್ನು ಓಡಿಸದೆ ಆಲೋಚಿಸಿ, ತನ್ನ ಸಿದ್ಧಾಂತವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಐದು ಕಾರಣಗಳ ಹೆಸರು ಹೇಳುವುದಕ್ಕಿಂತ ಎರಡನ್ನು ಬಿಡಿಸಿ ತೋರಿಸುವುದು ಮೇಲು. ಕೊನೆಯ 5 ನಿಮಿಷಗಳಲ್ಲಿ ಓದಿನೋಡಿ, ಪುನರುಕ್ತಿಯನ್ನು ಹೊಡೆದುಹಾಕಬೇಕು. ಅಂಕೆಯಿದ್ದಲ್ಲಿ ಅಂಕವು ತಾನಾಗಿಯೇ ಬರುತ್ತದೆ.

ಈಗ ನಮ್ಮ ನಾಡಿನವರ ಪ್ರಶ್ನೆಗೆ ಬರುತ್ತೇನೆ. 1994ರಲ್ಲಿ ಆರಂಭವಾದ ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಾಗಲಿ, ವೈದ್ಯಕೀಯದ ನೀಟ್‌ನಲ್ಲಾಗಲಿ ವಿದ್ಯಾರ್ಥಿಯು ಒಂದು ಪೂರ್ಣವಾಕ್ಯವನ್ನೂ ಬರೆಯಬೇಕಾಗಿಲ್ಲವೆಂಬುದು ನಿಜ. ನಾಲ್ಕು ಉತ್ತರಗಳಲ್ಲಿ ಒಂದರ ವೃತ್ತಕ್ಕೆ ಮಸಿ ತುಂಬಿದರೆ ಸಾಕು. ಲಕ್ಷಗಟ್ಟಲೆ ಅಭ್ಯರ್ಥಿಗಳನ್ನು ಪಕ್ಷಪಾತವಿಲ್ಲದೆ ಅಳೆಯಲು ಅದು ಅನುಕೂಲವಾದ ಮಾರ್ಗವೇ ಸರಿ. ಆದರೆ ಆ ವೃತ್ತವನ್ನು ದಾಟಿದ ಮೇಲೆ ರೋಗಿಯ ವೃತ್ತಾಂತವನ್ನು ಬರೆಯಬೇಕು, ಸೇತುವೆಯೇಕೆ ಕುಸಿಯಿತೆಂಬ ವರದಿಯನ್ನು ಒಪ್ಪಿಸಬೇಕು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಗೆ ಕುಳಿತರೆ 3 ಗಂಟೆಗಳಲ್ಲಿ ಎರಡು ಪ್ರಬಂಧಗಳನ್ನು ಬರೆಯಬೇಕು, ಅದಕ್ಕೆ 250 ಅಂಕಗಳು, ಕನ್ನಡದಲ್ಲಿಯೂ ಬರೆಯಬಹುದು. ಅಂದು ಒಮ್ಮೆಲೇ ಈ ವಿದ್ಯೆಯು ಕೈಗೂಡುವುದೇ? ಯಂತ್ರಕ್ಕೆ ವಿಷಯವನ್ನು ತಿಳಿಸಿದರೆ ಕ್ಷಣಾರ್ಧದಲ್ಲಿ ಪ್ರಬಂಧವನ್ನು ಬರೆದುಕೊಡುವ ಈ ಕಾಲದಲ್ಲಿ, ಬರೆದುಬಂದದ್ದು ಗಟ್ಟಿಯೋ ಜೊಳ್ಳೋ ಎಂದು ತೂರಿ ನೋಡಬಲ್ಲವನು, ತಾನೇ ಕಟ್ಟಿ ಕೆಡವಿ ಮತ್ತೆ ಕಟ್ಟಿದವನು ಮಾತ್ರ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ವಾರಕ್ಕೊಂದು ಪ್ರಬಂಧವನ್ನು ಬರೆಯಿಸಿರಿ. ಅದಕ್ಕಿಂತ ಮುಖ್ಯವಾಗಿ ತಿದ್ದಿರಿ. ತಿದ್ದಿದ್ದನ್ನು ಮತ್ತೆ ಬರೆಯಿಸಿರಿ. ಸಹಿ ಹಾಕಿದ ಮಾತ್ರಕ್ಕೆ ತಿದ್ದಿದಂತಾಗದು. ಈ ಕಾರ್ಯದ ಭಾರವನ್ನು ನಾನು ಬಲ್ಲೆ. ತರಗತಿಯಲ್ಲಿ 60 ಮಕ್ಕಳಿದ್ದು, ಒಂದೊಂದು ಪ್ರಬಂಧಕ್ಕೆ 8 ನಿಮಿಷ ಹಿಡಿದರೂ ಪೂರ್ತಿ 8 ಗಂಟೆಗಳ ದುಡಿಮೆ. ಅಂತಹ ತರಗತಿಗಳು ಒಬ್ಬೊಬ್ಬರಿಗೆ ಮೂರು ನಾಲ್ಕು. ಅಧ್ಯಾಪಕನ ಶ್ರದ್ಧೆಯೊಂದರಿಂದಲೇ ಇದು ನಡೆಯದು.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಗಮನಿಸಬೇಕಾದುದು ಇಲ್ಲಿಯೇ. ಕೊಠಡಿಗಳಿಗೂ, ಪ್ರಥಮ ಸ್ಥಾನ ಪಡೆದವರ ಬಹುಮಾನಗಳಿಗೂ ತಾವು ಉದಾರವಾಗಿ ದತ್ತಿಗಳನ್ನು ನೀಡುತ್ತ ಬಂದಿದ್ದೀರಿ. ಸಂಸ್ಥೆಯು ಅದಕ್ಕೆ ಚಿರಋಣಿ. ಇನ್ನು ಮುಂದೆ ಒಂದು ದತ್ತಿಯು ತಿದ್ದುವ ಕೆಲಸಕ್ಕಾಗಿಯೇ ಇರಲಿ. ಪ್ರಬಂಧಗಳನ್ನು ಓದುವುದೇ ಕರ್ತವ್ಯವಾದ ಒಬ್ಬ ಹೆಚ್ಚಿನ ಅಧ್ಯಾಪಕರ ವೇತನವು ಅದರಿಂದ ನಡೆಯಲಿ. ಬಹುಮಾನವು ಒಬ್ಬನಿಗೆ ಸಲ್ಲುತ್ತದೆ. ತಿದ್ದುಪಡಿಯು ಕೊನೆಯ ಬೆಂಚಿನ ಬಾಲಕನಿಗೂ ಸಲ್ಲುತ್ತದೆ. ಕಲ್ಲಿನ ಮೇಲೆ ಕೆತ್ತಿಸಲು ಅದರಲ್ಲಿ ಹೆಸರಿಗೆ ಸ್ಥಳವಿಲ್ಲದಿರಬಹುದು. ಆದರೆ ತನ್ನ ಮಾತನ್ನು ತಾನೇ ಕಟ್ಟಬಲ್ಲ ವಿದ್ಯಾರ್ಥಿಯು ಯಾವ ದೇಶದ ಯಾವ ಪರೀಕ್ಷೆಯಲ್ಲಿ ಕುಳಿತರೂ, ಅವನು ಬರೆದ ಸಾಲುಗಳಲ್ಲಿ ಆ ದಾನವು ಕಾಣಿಸುತ್ತಲೇ ಇರುತ್ತದೆ.