ಎಳೆಯುವುದಲ್ಲ, ತಳ್ಳುವುದು!

ಹಳೆಯ ರೇಡಿಯೋ, ಗಡಿಯಾರಗಳನ್ನು ಬಿಚ್ಚಿ ರಿಪೇರಿ ಮಾಡುವ ಹುಚ್ಚು ನಮ್ಮಲ್ಲಿಯೂ ಉಂಟು. ಅಮೆರಿಕ, ಇಂಗ್ಲೆಂಡುಗಳಲ್ಲಿ ಅಜ್ಜಿಯ ಕಾಲದ ವ್ಯಾಕ್ಯೂಮ್ ಕ್ಲೀನರುಗಳನ್ನು ಗುಜರಿಯಿಂದ ತಂದು ಮತ್ತೆ ಓಡಿಸುವ ಹವ್ಯಾಸಿಗಳಿದ್ದಾರೆ. ಕಸ ತೆಗೆಯುವ ಯಂತ್ರಕ್ಕೆ ಇಷ್ಟೊಂದು ಮುದ್ದೇ ಎಂದು ನಗಬೇಡಿ.

1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿತ್ತು. ಅದು ಬೀದಿಯಲ್ಲೇ ನಿಲ್ಲುವುದು. ಉದ್ದನೆಯ ಕೊಳವೆ ಮಾತ್ರ ಕಿಟಕಿಯಿಂದ ಒಳಕ್ಕೆ! ಕೈಯಲ್ಲಿ ಹಿಡಿಯುವಂಥದ್ದನ್ನು ಮಾಡಿದವರಲ್ಲಿ ಒಹಾಯೋದ ಜೇಮ್ಸ್ ಸ್ಪ್ಯಾಂಗ್ಲರ್ ಮುಖ್ಯ. ಆತ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಉಬ್ಬಸದ ರೋಗಿ. ಫ್ಯಾನಿನ ಮೋಟರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ತನ್ನ ಎದೆಯನ್ನು ತಾನೇ ಕಾಪಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಹಕ್ಕನ್ನು ಕೊಂಡದ್ದು ಚರ್ಮದ ಸರಕಿನ ವ್ಯಾಪಾರಿ ಹೂವರ್.

ಯಂತ್ರ ದೂಳನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜವಾಗಿ, ಒಳಗಿನ ಫ್ಯಾನು ಗಾಳಿಯನ್ನು ಹೊರದೂಡಿ ಒತ್ತಡ ಇಳಿಸುತ್ತದೆ; ಹೊರಗಿನ ವಾಯುಮಂಡಲವೇ ಗಾಳಿಯನ್ನೂ ದೂಳನ್ನೂ ಒಳಕ್ಕೆ ತಳ್ಳುತ್ತದೆ. ಕೊಳವೆಯ ಬಾಯಿಗೆ ಅಂಗೈ ಒತ್ತಿದರೆ ಮೋಟರಿನ ಸದ್ದು ಏರುತ್ತದಲ್ಲ, ಏಕೆ? ಪಾಪ, ಕಷ್ಟಪಡುತ್ತಿದೆ ಎಂದುಕೊಳ್ಳುತ್ತೇವೆ. ಆಗಿರುವುದು ತದ್ವಿರುದ್ಧ. ಸಾಗಿಸಲು ಗಾಳಿಯೇ ಇಲ್ಲದ್ದರಿಂದ ಅದರ ಹೊರೆ ಇಳಿದು ವೇಗ ಹೆಚ್ಚಿದೆ. ಆದರೆ ಅನೇಕ ಯಂತ್ರಗಳಲ್ಲಿ ಮೋಟರನ್ನು ತಂಪುಮಾಡುವುದೂ ಅದೇ ಗಾಳಿ. ಹೆಚ್ಚು ಹೊತ್ತು ಮುಚ್ಚಿದರೆ ಸುರುಳಿ ಸುಟ್ಟೀತು.

ಹವ್ಯಾಸಿಗಳು ಸವೆದ ಕಾರ್ಬನ್ ಬ್ರಷ್ ಬದಲಿಸುತ್ತಾರೆ, ಕಪ್ಪಾದ ಕಮ್ಯುಟೇಟರನ್ನು ಉಜ್ಜುತ್ತಾರೆ, ಬೇರಿಂಗಿನ ಒಣಗಿದ ಗ್ರೀಸು ತೆಗೆಯುತ್ತಾರೆ. ಎಲ್ಲಕ್ಕಿಂತ ಮೊದಲು ವೈರು. ಹಳೆಯ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತದೆ, ಲೋಹದ ಮೈಗೆ ಕರೆಂಟು ಹರಿದೀತು. ಹೊರಗಿನ ಹೊಳಪಿಗೆ ಮೊದಲು ಕೈಹಾಕುವವರನ್ನು ನಾನು ಒಪ್ಪುವುದಿಲ್ಲ.

ಪೋಷಕರಿಗೊಂದು ಮಾತು. ಇದೇ ಜಾತಿಯ ಮೋಟರು ನಿಮ್ಮ ಅಡುಗೆಮನೆಯ ಮಿಕ್ಸಿಯಲ್ಲಿದೆ. ಅಟ್ಟದ ಮೇಲೆ ಕೆಟ್ಟು ಕುಳಿತ ಮಿಕ್ಸಿ ಇದ್ದರೆ ಗುಜರಿಗೆ ಹಾಕಬೇಡಿ, ಮಗನಿಗೋ ಮಗಳಿಗೋ ಕೊಡಿ. ಕೊಡುವ ಮುನ್ನ ವೈರನ್ನು ಪ್ಲಗ್ಗಿನ ಸಮೇತ ಕತ್ತರಿಸಿಬಿಡಿ. ಸರಿಮಾಡಿದ ಮೇಲೆ ಓಡಿಸಿ ನೋಡುವ ಆಸೆ ಬಂದೇ ಬರುತ್ತದೆ. ಅದು ಮಾತ್ರ ಎಲೆಕ್ಟ್ರಿಶಿಯನ್ ಕೈಯಲ್ಲಿ. ಮಕ್ಕಳೇ, ಬ್ಲೇಡು ಜಾರಿನಲ್ಲೇ ಇರಲಿ. ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡಿ.